ಮನೋವಿಶ್ಲೇಷಣೆಯ ಕಣ್ಣಿನಿಂದ ಓದಿದರೆ ಕಥೆಯ ತಾಯಿ ಎಲ್ಲಿ ನಿಲ್ಲುತ್ತಾಳೆ?

ಪ್ರಶ್ನೆ ಕೇಳಿದವರು: ಅರೆಓದುಗಿ

ಎಲ್ಫ್ರೀಡೆ ಯೆಲಿನೆಕ್ ಅವರ ‘ದಿ ಪಿಯಾನೋ ಟೀಚರ್’ ಕಾದಂಬರಿಯನ್ನು ಇಂಗ್ಲಿಷ್ ಅನುವಾದದಲ್ಲಿ ಈಚೆಗೆ ಓದಿ ಮುಗಿಸಿದೆ. ಮೂಲ ಜರ್ಮನ್ ಕೃತಿ 1983ರದು. 2001ರಲ್ಲಿ ಮಿಖಾಯೆಲ್ ಹಾನೆಕೆ ಅದನ್ನು ಚಲನಚಿತ್ರವಾಗಿಸಿದರು, 2004ರಲ್ಲಿ ಲೇಖಕಿಗೆ ನೊಬೆಲ್ ಬಂತು. ಹಾಗಾಗಿ ಇಲ್ಲಿ ಕೆಲವರಾದರೂ ಅದನ್ನು ಬಲ್ಲರು ಎಂದುಕೊಂಡಿದ್ದೇನೆ. ಓದದವರಿಗಾಗಿ ಎರಡು ಮಾತು. ವಿಯೆನ್ನಾದಲ್ಲಿ ಪಿಯಾನೋ ಕಲಿಸುವ, ನಲವತ್ತರ ಹತ್ತಿರ ಬಂದಿರುವ ಎರಿಕಾ ಕೋಹುಟ್ ತನ್ನ ಮುದಿ ತಾಯಿಯೊಡನೆ ಒಂದೇ ಮನೆಯಲ್ಲಿ ವಾಸಿಸುತ್ತಾಳೆ ಮತ್ತು ಒಂದೇ ಹಾಸಿಗೆಯಲ್ಲಿ ಮಲಗುತ್ತಾಳೆ. ಮೊದಲ ಪುಟಗಳಲ್ಲೇ ತಾಯಿಯು ತಡವಾಗಿ ಬಂದ ಮಗಳ ಚೀಲವನ್ನು ತಡಕಿ, ಹೊಸ ಉಡುಪೊಂದನ್ನು ಹೊರಗೆಳೆದು, ಸ್ವಂತ ಮನೆಗೆಂದು ಕೂಡಿಡಬೇಕಾಗಿದ್ದ ಹಣ ಪೋಲಾಯಿತೆಂದು ರೇಗುತ್ತಾಳೆ. ಮಗಳು ತಾಯಿಯ ಕೂದಲಿಗೆ ಕೈ ಹಾಕಿ ಕೀಳುತ್ತಾಳೆ, ಕಿತ್ತ ಮೇಲೆ ಅಳುತ್ತಾಳೆ.

ನನ್ನ ತೊಡಕು ಇದು. ಈ ಕೃತಿಯ ಬಗ್ಗೆ ನಾನು ಓದಿದ ವಿಮರ್ಶೆಗಳು ಹೆಚ್ಚುಕಡಿಮೆ ಒಂದೇ ದಾರಿಯನ್ನು ಹಿಡಿಯುತ್ತವೆ: ಮಗಳನ್ನು ತನ್ನಿಂದ ಬೇರೆಯಾಗಲು ಬಿಡದ, ಅವಳನ್ನು ನುಂಗಿಯೇ ಬದುಕುವ ತಾಯಿ, ನಡುವೆ ನಿಲ್ಲಬೇಕಾಗಿದ್ದ ತಂದೆ ಮಾನಸಿಕ ರೋಗಿಗಳ ಆಶ್ರಯಕ್ಕೆ ಸೇರಿದ್ದರಿಂದ ಬಿಡಿಸುವವರೇ ಇಲ್ಲದೆ ಹೋದ ಮಗಳು, ಅದರ ಫಲವಾಗಿ ಪ್ರೀತಿಯನ್ನು ಶಿಕ್ಷೆಯ ರೂಪದಲ್ಲಲ್ಲದೆ ಬೇರೆ ರೀತಿಯಲ್ಲಿ ಕೇಳಲಾರದ ಹೆಣ್ಣು. ಈ ವಿವರಣೆ ಕಾದಂಬರಿಗೆ ಎಷ್ಟು ಸಲೀಸಾಗಿ ಹೊಂದುತ್ತದೆಂದರೆ, ಬೀಗಕ್ಕೆ ತಕ್ಕ ಕೀಲಿಯೋ ಅಥವಾ ಕೀಲಿಯನ್ನು ನೋಡಿಕೊಂಡೇ ಮಾಡಿದ ಬೀಗವೋ ಎಂಬ ಅನುಮಾನ ನನಗೆ ಬರುತ್ತದೆ. ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ನಾನೂ ಒಬ್ಬಳ ಮಗಳು, ಒಬ್ಬಳ ತಾಯಿ. ಯಾವ ಸಿದ್ಧಾಂತವನ್ನು ತೆರೆದರೂ ಕೊನೆಯಲ್ಲಿ ಕಟಕಟೆಯಲ್ಲಿ ನಿಲ್ಲುವವಳು ತಾಯಿಯೇ ಆಗಿರುವುದು ನನಗೆ ಕಿರಿಕಿರಿಯನ್ನು ಉಂಟುಮಾಡುತ್ತದೆ. ಫ್ರಾಯ್ಡ್ ಮತ್ತು ಅವರ ನಂತರದವರು ತಾಯಿ–ಮಗಳ ಬಗ್ಗೆ ನಿಜಕ್ಕೂ ಹೇಳಿರುವುದೇನು, ಸಾಹಿತ್ಯವನ್ನು ಓದುವವರಿಗೆ ಅದರಲ್ಲಿ ಉಳಿಸಿಕೊಳ್ಳಬೇಕಾದದ್ದು ಯಾವುದು, ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಮೇಷ್ಟ್ರು

ಅರೆಓದುಗಿ ಅವರೇ, ತಮ್ಮ ಕಿರಿಕಿರಿ ನ್ಯಾಯವಾದದ್ದೇ, ಆದರೆ ಅದಕ್ಕೆ ಗುರಿಯಾಗಬೇಕಾದವರು ಯಾರು ಎಂಬುದನ್ನು ಸ್ವಲ್ಪ ವಿಂಗಡಿಸಿ ನೋಡಬೇಕು. ತಾಯಿ–ಮಗಳ ವಿಷಯಕ್ಕೆ ಫ್ರಾಯ್ಡ್ ಬಂದದ್ದು ಬಹಳ ತಡವಾಗಿ. ಮಗು ತಾಯಿಯನ್ನು ಬಯಸಿ ತಂದೆಯನ್ನು ಎದುರಾಳಿಯಾಗಿ ಕಾಣುವ, ಈಡಿಪಸ್ ಗ್ರಂಥಿಯೆಂದು ನಾವು ಕರೆಯುವ ಸ್ಥಿತಿಯನ್ನು ಅವರು ಗಂಡುಮಗುವನ್ನು ಮುಂದಿಟ್ಟುಕೊಂಡು ರೂಪಿಸಿದರು. ಹೆಣ್ಣುಮಗುವಿನದು ಅದರ ತಿರುವುಮುರುವು ಎಂದು ಬಹುಕಾಲ ನಂಬಿದ್ದರು. ಫ್ರಾಯ್ಡರ ಒಂದು ಕಾಲದ ಒಡನಾಡಿ ಯುಂಗ್ 1913ರಲ್ಲಿ ಅದಕ್ಕೆ ಎಲೆಕ್ಟ್ರಾ ಗ್ರಂಥಿ ಎಂಬ ಹೆಸರನ್ನು ಸೂಚಿಸಿದರೂ ಫ್ರಾಯ್ಡ್ ಒಪ್ಪಲಿಲ್ಲ. ಹೆಣ್ಣಿನ ಲೈಂಗಿಕತೆಯನ್ನು ಕುರಿತ 1931ರ ಪ್ರಬಂಧದಲ್ಲಿ ಅವರು ಮೊದಲ ಬಾರಿಗೆ ತಮ್ಮ ಲೆಕ್ಕ ತಪ್ಪಿತ್ತೆಂದು ಸರಿಸುಮಾರಾಗಿ ಒಪ್ಪಿಕೊಂಡರು: ತಂದೆಯ ಕಡೆಗೆ ತಿರುಗುವ ಮೊದಲು ಹೆಣ್ಣುಮಗುವಿಗೆ ತಾಯಿಯ ಮೇಲಿರುವ ಹಂಬಲ ತಾವು ಅಂದುಕೊಂಡದ್ದಕ್ಕಿಂತ ಎಷ್ಟೋ ದೀರ್ಘವಾದದ್ದು ಮತ್ತು ತೀವ್ರವಾದದ್ದು, ಗ್ರೀಕ್ ನಾಗರಿಕತೆಯ ಹಿಂದೆ ಅದಕ್ಕಿಂತ ಹಳೆಯ ಮಿನೋವನ್–ಮೈಸೀನಿಯನ್ ನಾಗರಿಕತೆ ಹೂತುಹೋಗಿದ್ದು ಕಂಡುಬಂದ ಹಾಗೆ ಈ ಘಟ್ಟವೂ ಅನಿರೀಕ್ಷಿತವಾಗಿ ಕಂಡುಬಂತು, ತಮಗಿಂತ ಮಹಿಳಾ ವಿಶ್ಲೇಷಕರಿಗೆ ಅದು ಸುಲಭವಾಗಿ ಗೋಚರಿಸಿತು ಎಂಬ ಧಾಟಿಯಲ್ಲಿ ಬರೆದರು. ಅದೇ ಹೊತ್ತಿಗೆ, ದೊಡ್ಡವಳಾದ ಮಗಳು ತಾಯಿಯ ಮೇಲೆ ಹೊರಿಸುವ ದೂರುಗಳನ್ನೂ ಅವರು ದಾಖಲಿಸಿದರು. ತಾಯಿ ಸಾಕಷ್ಟು ಹಾಲು ಕೊಡಲಿಲ್ಲ ಎಂಬ ದೂರು ಅವುಗಳಲ್ಲಿ ಒಂದು. ಆ ಹಾಲನ್ನು ನೆನಪಿಟ್ಟುಕೊಳ್ಳಿ, ಮತ್ತೆ ಅದರ ಕಡೆಗೆ ಬರುತ್ತೇನೆ.

ಇಲ್ಲಿ ಒಂದು ಅಡ್ಡಮಾತು. ಫ್ರಾಯ್ಡರ ತಾಯಿ ಅಮಾಲಿಯಾ ತೀರಿಕೊಂಡದ್ದು 1930ರ ಸೆಪ್ಟೆಂಬರಿನಲ್ಲಿ, ತಮ್ಮ 95ನೆಯ ವಯಸ್ಸಿನಲ್ಲಿ. ಅಂತ್ಯಕ್ರಿಯೆಗೆ ಫ್ರಾಯ್ಡ್ ಹೋಗಲಿಲ್ಲ. ತಮ್ಮ ಪರವಾಗಿ ಮಗಳು ಆನಾಳನ್ನು ಕಳಿಸಿದರು. ಈ ಪ್ರಬಂಧ ಬಂದದ್ದು ಅದರ ಮರುವರ್ಷ. ಇದರಿಂದ ಏನನ್ನೂ ಸಾಧಿಸಲು ನಾನು ಹೊರಟಿಲ್ಲ, ಆದರೆ ತಾಯಿಯ ಸಾವಿನ ನಂತರವೇ ತಾಯಿಯ ಕುರಿತ ಮಾತು ಬಂದದ್ದನ್ನು ಗಮನಿಸದೆ ಮುಂದೆ ಹೋಗುವುದು ಮನೋವಿಶ್ಲೇಷಣೆಯ ಓದುಗನಿಗೆ ಕಷ್ಟ.

ಈ ಹೂತುಹೋದ ನಗರವನ್ನು ನಿಜವಾಗಿ ಅಗೆದವರು ಫ್ರಾಯ್ಡರ ನಂತರದ ಮನೋವಿಶ್ಲೇಷಕಿ ಮೆಲನಿ ಕ್ಲೈನ್. ಹಸುಗೂಸಿಗೆ ತಾಯಿ ಒಬ್ಬಳಾಗಿ ಕಾಣುವುದಿಲ್ಲ. ಹಾಲೂಡುವ ಒಳ್ಳೆಯ ಸ್ತನ ಮತ್ತು ವಂಚಿಸುವ ಕೆಟ್ಟ ಸ್ತನ ಎಂದು ಅವಳು ಸೀಳಿಹೋಗಿರುತ್ತಾಳೆ. ತಾನು ದ್ವೇಷಿಸಿದವಳೂ ತಾನು ಪ್ರೀತಿಸಿದವಳೂ ಒಬ್ಬಳೇ ಎಂದು ಮಗುವಿಗೆ ಅರಿವಾದಾಗ ಹುಟ್ಟುವ ದುಃಖವೇ ಮುಂದಿನ ಬೆಳವಣಿಗೆಗೆ ದಾರಿ. ಹಾಳುಮಾಡಿದ್ದನ್ನು ಸರಿಪಡಿಸಬೇಕೆಂಬ ಹಂಬಲ ಅಲ್ಲಿಂದಲೇ ಏಳುತ್ತದೆ, ಕಲೆಯೂ ಅಲ್ಲಿಂದಲೇ ಎಂಬುದು ಅವರ ನಿಲುವು. ಕ್ಲೈನ್ ಅವರ ಸ್ವಂತ ಮಗಳು ಮೆಲಿಟಾ ಶ್ಮಿಡೆಬರ್ಗ್ ಕೂಡ ಮನೋವಿಶ್ಲೇಷಕಿಯಾದರು, ಮತ್ತು ಲಂಡನ್ನಿನ ಮನೋವಿಶ್ಲೇಷಕರ ಸಂಘದ ಸಭೆಗಳಲ್ಲಿ ಎಲ್ಲರೆದುರು ತಾಯಿಯ ವಿರುದ್ಧ ನಿಂತರು. ವಯಸ್ಕ ಹೆಂಗಸಿನ ಬದುಕಿಗೆ ತಾಯಿಯೊಡನಿನ ಸಂಬಂಧ, ಅದು ಎಷ್ಟೇ ಒಳ್ಳೆಯದಾಗಿರಲಿ, ಕೇಂದ್ರವಾಗಬಾರದು ಎಂಬರ್ಥದ ಪತ್ರವನ್ನು ಆಕೆ ತಾಯಿಗೆ ಬರೆದಿದ್ದರು. 1960ರಲ್ಲಿ ಕ್ಲೈನ್ ತೀರಿಕೊಂಡಾಗ ಅಂತ್ಯಕ್ರಿಯೆಗೂ ಬರಲಿಲ್ಲ. ಸರಿಪಡಿಸುವಿಕೆಯ ಸಿದ್ಧಾಂತವನ್ನು ಕಟ್ಟಿದವರ ಮನೆಯಲ್ಲಿ ಅದು ನಡೆಯಲಿಲ್ಲ ಎನ್ನುವುದರಿಂದ ಸಿದ್ಧಾಂತ ಸುಳ್ಳಾಗುವುದಿಲ್ಲ. ಕ್ಲೈನರ ತಾಯಿ ಮಗುವಿನ ಮನಸ್ಸಿನೊಳಗಿನ ಆಕೃತಿಯೇ ಹೊರತು ಅಡುಗೆಮನೆಯಲ್ಲಿ ನಿಂತಿರುವ ಹೆಂಗಸಲ್ಲ ಎಂಬುದು ಮಾತ್ರ ಸ್ಪಷ್ಟವಾಗುತ್ತದೆ.

ಈಗ ಎರಿಕಾಳ ಕಡೆಗೆ. ಮೊದಲ ದೃಶ್ಯದಲ್ಲಿ ಕೂದಲನ್ನು ಕಿತ್ತು ಅಳುವ ಮಗಳು ಕ್ಲೈನರ ಪುಟದಿಂದ ಎದ್ದು ಬಂದಂತಿದ್ದಾಳೆ: ಧ್ವಂಸ, ಅಪರಾಧಭಾವ, ಸರಿಪಡಿಸುವ ಹಂಬಲ ಎಲ್ಲವೂ ಒಂದೇ ಸಂಜೆಯಲ್ಲಿ ನಡೆದು, ಮರುದಿನ ಸಂಜೆಗೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಕೊನೆಯಲ್ಲಿ ಅಡುಗೆಮನೆಯ ಚಾಕುವನ್ನು ಚೀಲದಲ್ಲಿಟ್ಟುಕೊಂಡು ಹೊರಟ ಎರಿಕಾ ಅದನ್ನು ತನ್ನ ಭುಜಕ್ಕೇ ಇರಿದುಕೊಂಡು, ನೇರವಾಗಿ ಮನೆಯ ದಾರಿಯನ್ನೇ ಹಿಡಿಯುತ್ತಾಳೆ. ಹೊರಗೆ ಹೋಗುವ ಬಾಗಿಲೆಲ್ಲವೂ ತಾಯಿಯ ಮನೆಯೊಳಕ್ಕೇ ತೆರೆದುಕೊಳ್ಳುವ ಈ ಸ್ಥಿತಿಯನ್ನು ಹೆಸರಿಸಲು ಈಡಿಪಸ್ ಪೂರ್ವದ ಬಂಧ (ತಂದೆಯ ಕಡೆಗೆ ತಿರುಗುವ ಮೊದಲಿನ, ತಾಯಿಯೊಡನಿನ ಬಂಧ) ಎನ್ನುವುದಕ್ಕಿಂತ ಉಪಯುಕ್ತವಾದ ಪದ ನನಗೆ ಗೊತ್ತಿಲ್ಲ. ಬೀಗ–ಕೀಲಿಯ ಅನುಮಾನ ಮಾತ್ರ ಸರಿಯಾದದ್ದೇ. ವಿಯೆನ್ನಾದಲ್ಲಿ ಹುಟ್ಟಿ ಚಿಕಾಗೋದಲ್ಲಿ ನೆಲೆಸಿದ, ಆತ್ಮರತಿಯನ್ನು ಕುರಿತು ದೊಡ್ಡ ಸಿದ್ಧಾಂತವನ್ನು ಕಟ್ಟಿದ ಮನೋವಿಶ್ಲೇಷಕರೊಬ್ಬರ ಹೆಸರು ಹೈನ್ಸ್ ಕೋಹುಟ್. ಯೆಲಿನೆಕ್ ತಮ್ಮ ನಾಯಕಿಗೆ ಅದೇ ಮನೆತನದ ಹೆಸರನ್ನು ಇಟ್ಟದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ರೋಗಿಯೇ ವೈದ್ಯನ ಹೆಸರಿನ ಅಂಗಿಯನ್ನು ತೊಟ್ಟು ಬಂದಿರುವಾಗ ನಾವು ರೋಗವನ್ನು ಪತ್ತೆಹಚ್ಚಿದೆವೆಂದು ಬೀಗುವುದರಲ್ಲಿ ಅರ್ಥವಿಲ್ಲ.

ಹಾಲಿನ ಮಾತು. ಫ್ರೆಂಚ್ ಚಿಂತಕಿ ಲೂಸ್ ಇರಿಗರೇ 1979ರಲ್ಲಿ ಮಗಳ ಬಾಯಿಂದ ತಾಯಿಗೆ ಹೇಳಿಸಿದ ಪುಟ್ಟ ಗದ್ಯವೊಂದನ್ನು ಪ್ರಕಟಿಸಿದರು. ಅಮ್ಮ, ನಿನ್ನ ಹಾಲಿನೊಡನೆ ಮಂಜುಗಡ್ಡೆಯನ್ನೂ ನುಂಗಿದೆ ಎಂಬ ಅರ್ಥದಲ್ಲಿ ಅದು ಶುರುವಾಗುತ್ತದೆ. ಫ್ರಾಯ್ಡ್ ಕೇಳಿಸಿಕೊಂಡ ದೂರು ಹಾಲು ಸಾಲಲಿಲ್ಲ ಎಂದಾಗಿದ್ದರೆ, ಇರಿಗರೇ ಅವರ ಮಗಳ ದೂರು ಅದಕ್ಕೆ ಎದುರಾದದ್ದು, ಹೆಚ್ಚಾಯಿತು ಎನ್ನುವುದು. ನಾನು ಸಾಹಿತ್ಯದಲ್ಲಿ ಹುಡುಕುವುದು ಇಂತಹ ವ್ಯತ್ಯಾಸಗಳನ್ನು.

ಉತ್ತರ: ಜಮಾಖರ್ಚು

ಮೇಷ್ಟ್ರ ಉತ್ತರ ವಿದ್ವತ್ಪೂರ್ಣವಾಗಿದೆ, ಆದರೆ ಅದರಲ್ಲಿ ದುಡ್ಡಿನ ಸುದ್ದಿಯೇ ಇಲ್ಲ. ಅರೆಓದುಗಿ ಅವರು ವಿವರಿಸಿದ ಮೊದಲ ದೃಶ್ಯವನ್ನೇ ಮತ್ತೊಮ್ಮೆ ನೋಡಿ: ಜಗಳ ನಡೆದದ್ದು ಒಂದು ಉಡುಪಿನ ಬೆಲೆಯ ಬಗ್ಗೆ. ತಾಯಿಗೆ ಗಂಡನ ಆಸರೆಯಿಲ್ಲ. ಮಗಳ ಸಂಬಳವೇ ಮನೆಯನ್ನು ನಡೆಸುತ್ತದೆ. ಕೊಳ್ಳಬೇಕಾದ ಸ್ವಂತ ಮನೆಯ ಕನಸು ಆ ಸಂಬಳದ ಮೇಲೆಯೇ ನಿಂತಿದೆ. ಮಗಳು ದೊಡ್ಡ ಕಲಾವಿದೆಯಾಗಬೇಕೆಂದು ಬಾಲ್ಯವನ್ನೆಲ್ಲ ಪಿಯಾನೋ ಮುಂದೆ ಕೂರಿಸಿದ ತಾಯಿಗೆ ಸಿಕ್ಕಿದ್ದು ಸಂಗೀತದ ಪಾಠ ಹೇಳುವ ಮೇಡಂ. ಹೂಡಿದ ಬಂಡವಾಳ ಬಾರದೆ ಹೋದ ಸಣ್ಣ ವ್ಯಾಪಾರಿಯ ಸಿಟ್ಟನ್ನು ಆದಿಮ ತಾಯಿಯ ಹಸಿವು ಎಂದು ಕರೆದರೆ, ಬೀಥೋವನ್ ಮತ್ತು ಶೂಬರ್ಟ್ ಹೆಸರಿನಲ್ಲಿ ಮಧ್ಯಮವರ್ಗದ ಮನೆಗಳಲ್ಲಿ ನಡೆಯುವ ದಬ್ಬಾಳಿಕೆಯನ್ನು ಯೆಲಿನೆಕ್ ಗೇಲಿ ಮಾಡಿರುವುದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಲೇಖಕಿ ಸ್ವತಃ ವಿಯೆನ್ನಾದ ಕನ್ಸರ್ವೇಟರಿಯಲ್ಲಿ ಆರ್ಗನ್ ಕಲಿತು 1971ರಲ್ಲಿ ಡಿಪ್ಲೊಮಾ ಪಡೆದವರು. ಆ ಲೋಕವನ್ನು ಒಳಗಿನಿಂದ ಬಲ್ಲವರು.

ಇನ್ನೂ ಒಂದು. ಈ ಕಾದಂಬರಿಯ ತಾಯಿಗೆ ಹೆಸರಿಲ್ಲ, ಅವಳು ಬರೀ ‘ತಾಯಿ’. ಎರಿಕಾಳ ಬಾಲ್ಯದ ಭಾಗಗಳಲ್ಲಿ ಮಗಳನ್ನೂ ಹೆಸರಿಡಿದು ಕರೆಯದೆ ದೊಡ್ಡ ಅಕ್ಷರಗಳಲ್ಲಿ ‘ಅವಳು’ ಎಂದೇ ಬರೆಯಲಾಗಿದೆ. ಇವು ಆಳವುಳ್ಳ ಪಾತ್ರಗಳಲ್ಲ, ಜಾಹೀರಾತಿನ ಮತ್ತು ಗಾದೆಮಾತಿನ ಭಾಷೆಯಿಂದ ಕತ್ತರಿಸಿ ನಿಲ್ಲಿಸಿದ ಆಕೃತಿಗಳು. ಆಳವೇ ಇಲ್ಲದ ಕಡೆ ಆಳದ ಮನಶ್ಶಾಸ್ತ್ರವನ್ನು ಇಳಿಸಿದರೆ ಹಗ್ಗ ಎಲ್ಲಿಯೂ ನಿಲ್ಲುವುದಿಲ್ಲ.

ಉತ್ತರ: ಮಲಪ್ರಭೆ

ತಾಯಿ ಯಾವಾಗಲೂ ಕಟಕಟೆಯಲ್ಲಿ ಏಕೆ ಎಂಬ ಪ್ರಶ್ನೆಗೆ ಮೇಲಿನ ಎರಡೂ ಉತ್ತರಗಳು ನೇರವಾಗಿ ಬಂದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನ್ನ ತಿಳಿವಳಿಕೆಯಲ್ಲಿ ಕಾರಣ ತೀರಾ ಸರಳವಾದದ್ದು: ಮನೋವಿಶ್ಲೇಷಣೆಯಲ್ಲಿ ಮಾತಾಡುವವರು ಯಾವಾಗಲೂ ಮಕ್ಕಳು. ಚಿಕಿತ್ಸೆಯ ಮಂಚದ ಮೇಲೆ ಮಲಗಿರುವವರಿಗೆ ಐವತ್ತು ವಯಸ್ಸಾಗಿದ್ದರೂ ಅವರು ಅಲ್ಲಿ ಮಗುವಾಗಿಯೇ ಮಾತಾಡುತ್ತಾರೆ. ಆದುದರಿಂದ ತಾಯಿ ಆ ಶಾಸ್ತ್ರದಲ್ಲಿ ತೊಟ್ಟಿಲೊಳಗಿಂದ ಮೇಲೆ ನೋಡಿದಾಗ ಕಾಣುವ ಮುಖವಾಗಿಯೇ ಉಳಿದುಬಿಟ್ಟಳು. ಸಾಹಿತ್ಯ ವಿಮರ್ಶಕಿ ಮೆರಿಯಾನ್ ಹರ್ಷ್ 1989ರಲ್ಲಿ ತಾಯಿ–ಮಗಳ ಕಥನಗಳನ್ನು ಕುರಿತು ಬರೆದ ಪುಸ್ತಕದಲ್ಲಿ ಎತ್ತಿದ ಆಕ್ಷೇಪವೂ ಇದೇ: ಸ್ತ್ರೀವಾದಿಗಳು ಕೂಡ ಬಹುಮಟ್ಟಿಗೆ ಮಗಳಾಗಿಯೇ ಬರೆದಿದ್ದಾರೆ, ತಾಯಿ ಕರ್ತೃವಾಗಿ ಮಾತಾಡುವುದು ವಿರಳ.

ಇದಕ್ಕೆ ಒಬ್ಬರು ಮಾತ್ರ ನನಗೆ ಅಪವಾದವಾಗಿ ಕಾಣುತ್ತಾರೆ. ಮಕ್ಕಳ ವೈದ್ಯರೂ ಆಗಿದ್ದ ಡಾನಲ್ಡ್ ವಿನಿಕಾಟ್, ರೋಗಿಯ ಬಗ್ಗೆ ವೈದ್ಯನಲ್ಲಿ ಹುಟ್ಟುವ ದ್ವೇಷವನ್ನು ಕುರಿತು 1949ರಲ್ಲಿ ಪ್ರಕಟಿಸಿದ ಪ್ರಬಂಧದ ನಡುವೆ, ತಾಯಿ ತನ್ನ ಕೂಸನ್ನು ದ್ವೇಷಿಸಲು ಇರುವ ಕಾರಣಗಳನ್ನು ಒಂದೊಂದಾಗಿ ಎಣಿಸುತ್ತಾ ಹೋಗುತ್ತಾರೆ. ಸುಮಾರು ಹದಿನೆಂಟು ಕಾರಣಗಳಿವೆ. ಕೂಸು ಅವಳ ಮೈಗೆ ಅಪಾಯ. ಹಾಲು ಕುಡಿಯುವಾಗ ನೋಯಿಸುತ್ತದೆ. ಅವಳನ್ನು ಸಂಬಳವಿಲ್ಲದ ಆಳಿನಂತೆ ನಡೆಸಿಕೊಳ್ಳುತ್ತದೆ. ಅವಳು ಮಾಡಿದ ಒಳ್ಳೆಯ ಊಟವನ್ನು ಉಗುಳಿ, ಅತ್ತೆಯೋ ಚಿಕ್ಕಮ್ಮನೋ ತಿನ್ನಿಸಿದರೆ ಚೆನ್ನಾಗಿ ತಿನ್ನುತ್ತದೆ. ಬೆಳಗ್ಗೆಯೆಲ್ಲ ಗೋಳಾಡಿಸಿ, ಹೊರಗೆ ಕರೆದೊಯ್ದಾಗ ಗುರುತಿಲ್ಲದವರನ್ನು ನೋಡಿ ನಗುತ್ತದೆ, ಅವರು ಎಷ್ಟು ಮುದ್ದಾಗಿದೆ ಎನ್ನುತ್ತಾರೆ. ಮಕ್ಕಳನ್ನು ಸಾಕಿದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ಈ ದ್ವೇಷವನ್ನು ಅನುಭವಿಸಿಯೂ ಅದರಂತೆ ನಡೆಯದೆ ಇರುವುದೇ ತಾಯಿಯ ಸಾಧನೆ, ಅದನ್ನು ಹೊರಹಾಕಲು ಅವಳಿಗಿರುವ ದಾರಿಯೆಂದರೆ ಕೂಸಿಗೆ ಅರ್ಥವಾಗದ ಜೋಗುಳ ಎನ್ನುತ್ತಾರೆ ವಿನಿಕಾಟ್. ಅವರು ಕೊಡುವ ಉದಾಹರಣೆ, ಕೊಂಬೆ ಮುರಿದು ತೊಟ್ಟಿಲೂ ಕೂಸೂ ಕೆಳಗೆ ಬೀಳುವ ಆ ಇಂಗ್ಲಿಷ್ ಪದ್ಯ. ನಮ್ಮ ಮಕ್ಕಳೂ ಅದನ್ನು ನರ್ಸರಿಯಲ್ಲಿ ಕೈ ಕುಣಿಸುತ್ತಾ ಹಾಡುತ್ತವೆ.

ಜೋಗುಳವೆಂದಾಗ ಕನ್ನಡದ ಒಂದು ಕಥೆಯನ್ನು ಹೇಳದೆ ಇರಲಾರೆ. ಅದು ತಾಯಿ–ಮಗನ ಕಥೆ, ತಾಯಿ–ಮಗಳದಲ್ಲ ಎಂಬುದು ಗೊತ್ತಿದೆ. ಆದರೂ ಪ್ರಶ್ನೆಗೆ ಸಂಬಂಧಿಸಿದ್ದೆಂದು ಭಾವಿಸುತ್ತೇನೆ. ಎ. ಕೆ. ರಾಮಾನುಜನ್ ‘ದಿ ಇಂಡಿಯನ್ ಈಡಿಪಸ್’ ಎಂಬ ಪ್ರಬಂಧದಲ್ಲಿ ಚರ್ಚಿಸುವ ಆ ಜನಪದ ಕಥೆಯಲ್ಲಿ, ತನ್ನ ಮಗನನ್ನೇ ಮದುವೆಯಾಗಿ ಅವನಿಂದ ಗಂಡುಮಗುವನ್ನು ಹಡೆಯುವೆಯೆಂಬ ಹಣೆಬರಹದೊಡನೆ ಒಬ್ಬ ಹುಡುಗಿ ಹುಟ್ಟುತ್ತಾಳೆ. ತಪ್ಪಿಸಿಕೊಳ್ಳಲು ಕಾಡಿಗೆ ಹೋಗುತ್ತಾಳೆ. ಹಣ್ಣು ತಿಂದು ಬಸಿರಾಗುತ್ತಾಳೆ. ಕೂಸನ್ನು ಸೀರೆಯ ತುಂಡಿನಲ್ಲಿ ಸುತ್ತಿ ತೊರೆಯುತ್ತಾಳೆ. ವರ್ಷಗಳ ನಂತರ ಮದುವೆಯೂ ಆಗಿ, ಮಗುವೂ ಹುಟ್ಟಿದ ಮೇಲೆ, ಆ ಹಳೆಯ ಸೀರೆಯ ತುಂಡು ಕಣ್ಣಿಗೆ ಬಿದ್ದು ಸತ್ಯ ತಿಳಿಯುತ್ತದೆ. ಮನೆಮಂದಿಯೆಲ್ಲ ಮಲಗಿದ ಮೇಲೆ ಅವಳು ತೊಟ್ಟಿಲು ತೂಗುತ್ತಾ, ಮಗನೂ ಮೊಮ್ಮಗನೂ ಗಂಡನ ತಮ್ಮನೂ ಆದ ಕೂಸೇ ಮಲಗು ಎಂದು ಹಾಡಿ, ಅದೇ ರಾತ್ರಿ ಪ್ರಾಣ ಬಿಡುತ್ತಾಳೆ. ಅರಿಯದೆ ತಾಯಿಯನ್ನು ಮದುವೆಯಾದ ಈಡಿಪಸನ ಗ್ರೀಕ್ ಕಥೆಯಲ್ಲಿ ಸತ್ಯವನ್ನು ಹುಡುಕಿಕೊಂಡು ಹೋಗುವವನು ಮಗ. ಇಲ್ಲಿ ವಿಧಿ ಬಂದದ್ದು ತಾಯಿಗೆ, ಅದನ್ನು ಅರಿತವಳೂ ತಾಯಿ, ಮಗನಿಗೆ ಏನೂ ತಿಳಿಯುವುದೇ ಇಲ್ಲ. ಕಥೆಯನ್ನು ಹೆಂಗಸರು ಹೆಂಗಸರಿಗೆ ಹೇಳಿದರೆ ದೀಪವನ್ನು ಎಲ್ಲಿ ಇಡುತ್ತಾರೆ ಎಂಬುದು ಬದಲಾಗುತ್ತದೆ. ಕೂಸಿಗೆ ಅರ್ಥವಾಗದ ಹಾಡಿನಲ್ಲಿ ತಾಯಿ ಸತ್ಯವನ್ನು ಹೇಳುತ್ತಾಳೆ ಎಂಬುದನ್ನು ತಿಳಿಯಲು ಅವರಿಗೆ ವಿನಿಕಾಟ್ ಬೇಕಾಗಿರಲಿಲ್ಲ.

ತಾಯಿಯೇ ನಿರೂಪಿಸುವ ಕಾದಂಬರಿಯನ್ನು ಓದಬೇಕೆಂದರೆ ಎಲೆನಾ ಫೆರಾಂಟೆ 2006ರಲ್ಲಿ ಇಟಾಲಿಯನ್ ಭಾಷೆಯಲ್ಲಿ ಪ್ರಕಟಿಸಿದ, ಇಂಗ್ಲಿಷಿನಲ್ಲಿ ‘ದಿ ಲಾಸ್ಟ್ ಡಾಟರ್’ ಎಂಬ ಹೆಸರು ಪಡೆದ ಕೃತಿ ಇದೆ. ಇಬ್ಬರು ಹೆಣ್ಣುಮಕ್ಕಳನ್ನು ಮೂರು ವರ್ಷ ಬಿಟ್ಟುಹೋಗಿದ್ದ ಪ್ರಾಧ್ಯಾಪಕಿ ಲೇಡಾ ಕಡಲತೀರದಲ್ಲಿ ಯಾರದೋ ಮಗುವಿನ ಗೊಂಬೆಯನ್ನು ಕದಿಯುತ್ತಾಳೆ. ಏಕೆಂದು ಅವಳಿಗೇ ಸರಿಯಾಗಿ ತಿಳಿಯದು.

ಅರೆಓದುಗಿ:

ಎಲ್ಲರಿಗೂ ಧನ್ಯವಾದಗಳು. ಜಮಾಖರ್ಚು ಅವರ ಮಾತನ್ನು ಓದಿ ಮೊದಲ ದೃಶ್ಯಕ್ಕೆ ಮತ್ತೆ ಹೋದೆ. ಎರಿಕಾ ಉಡುಪುಗಳನ್ನು ಕೊಳ್ಳುತ್ತಾಳೆ, ಆದರೆ ತೊಡುವುದಿಲ್ಲ. ಅವು ಕಪಾಟಿನಲ್ಲಿ ತೂಗಾಡುತ್ತಿರುತ್ತವೆ. ದುಡ್ಡಿನ ಜಗಳವೇ ಆಗಿದ್ದರೆ ತೊಡದ ಉಡುಪನ್ನು ಕೊಳ್ಳುವುದೇಕೆ ಎಂದು ನನಗೆ ಹೊಳೆಯಲಿಲ್ಲ. ಮಲಪ್ರಭೆ ಅವರು ಹೇಳಿದ ಹದಿನೆಂಟು ಕಾರಣಗಳಲ್ಲಿ ಊಟದ್ದನ್ನು ಓದಿ ನಗು ಬಂತು, ನನ್ನ ಮಗಳು ಈಗಲೂ ಹಾಗೆಯೇ. ಒಂದು ಸಂದೇಹ: ತಾಯಿಗೆ ಮಾತನ್ನು ಕೊಟ್ಟಾಕ್ಷಣ ಈ ಶಾಸ್ತ್ರ ಕೈಬಿಟ್ಟುಹೋಗುತ್ತದೆಯೇ, ಅಥವಾ ಇನ್ನೂ ಕೆಲಸಕ್ಕೆ ಬರುತ್ತದೆಯೇ?

ಉತ್ತರ: ನಿವೃತ್ತ ಮೇಷ್ಟ್ರು

ತೊಡದ ಉಡುಪಿನ ವಿಷಯದಲ್ಲಿ ನನಗೆ ಒಂದು ಅಂಕ ಸಿಕ್ಕಿತೆಂದು ಭಾವಿಸುತ್ತೇನೆ. ದುಡ್ಡಿನ ವಿಷಯದಲ್ಲಿ ಜಮಾಖರ್ಚು ಅವರಿಗೆ ಒಂದನ್ನು ಬಿಟ್ಟುಕೊಡುತ್ತೇನೆ.

ಕೆಲಸಕ್ಕೆ ಬರುತ್ತದೆಯೇ ಎಂಬುದಕ್ಕೆ ಅಮೆರಿಕದ ಲೇಖಕಿ ಟೋನಿ ಮಾರಿಸನ್ ಅವರ 1987ರ ಕಾದಂಬರಿ ‘ಬಿಲವೆಡ್’ ಒಳ್ಳೆಯ ಒರೆಗಲ್ಲು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಸೆಥೆ, ಹಿಡಿಯಲು ಬಂದವರ ಕೈಗೆ ಸಿಗಬಾರದೆಂದು ತನ್ನ ಹೆಣ್ಣುಕೂಸನ್ನು ತಾನೇ ಕೊಲ್ಲುತ್ತಾಳೆ. ಇದರ ಹಿಂದೆ 1856ರಲ್ಲಿ ಮಾರ್ಗರೆಟ್ ಗಾರ್ನರ್ ಎಂಬ ತಾಯಿಯ ನಿಜ ಪ್ರಸಂಗವಿದೆ. ಅದೇ ದಿನ, ಮೊಲೆಯ ಮೇಲಿನ ರಕ್ತವನ್ನು ಒರೆಸದೆಯೇ ಇನ್ನೊಬ್ಬ ಮಗಳು ಡೆನ್ವರಳಿಗೆ ಹಾಲೂಡುತ್ತಾಳೆ. ತಾಯಿಯ ಹಾಲಿನೊಡನೆ ಅಕ್ಕನ ರಕ್ತವನ್ನೂ ಕುಡಿದ ಮಗಳ ಮುಂದೆ ಇರಿಗರೇ ಅವರ ಮಂಜುಗಡ್ಡೆ ಕೂಡ ಸ್ವಲ್ಪ ಸುಖವಾಗಿ ಬೆಳೆದವರ ದೂರಿನಂತೆ ಕೇಳಿಸುತ್ತದೆ. ಸೆಥೆಗೆ ತನ್ನ ತಾಯಿ ಹೊಲದಲ್ಲಿ ದುಡಿಯುವಾಗ ದೂರದಿಂದ ಕಂಡದ್ದೇ ಹೆಚ್ಚು. ಎದೆಯ ಕೆಳಗಿನ ಬರೆಯ ಗುರುತನ್ನು ತೋರಿಸಿ, ಮುಖ ಗುರುತು ಸಿಗದಿದ್ದರೆ ಇದರಿಂದ ನನ್ನನ್ನು ಗುರುತಿಸು ಎಂದಿದ್ದಳು ತಾಯಿ. ನನಗೂ ಆ ಗುರುತನ್ನು ಹಾಕು ಎಂದು ಕೇಳಿದ ಮಗಳಿಗೆ ಕಪಾಳಕ್ಕೆ ಹೊಡೆದಿದ್ದಳು. ತಾಯಿಯೊಡನೆ ಒಂದಾಗಿರುವುದು ಸಹಜ, ಬೇರೆಯಾಗುವುದೇ ಕಷ್ಟ ಎಂಬುದು ಫ್ರಾಯ್ಡರಿಂದ ಅಮೆರಿಕದ ಸಮಾಜಶಾಸ್ತ್ರಜ್ಞೆ ನ್ಯಾನ್ಸಿ ಚೊಡೊರೊ ತಾಯ್ತನವನ್ನು ಕುರಿತು ಬರೆದ 1978ರ ಗ್ರಂಥದವರೆಗೆ ಎಲ್ಲರೂ ಹಿಡಿದಿರುವ ಎಳೆ. ತಾಯಿಯನ್ನೂ ಮಗಳನ್ನೂ ಬೇರೆ ಬೇರೆಯಾಗಿ ಮಾರುವ ಕಡೆ ಆ ಎಳೆ ಹಿಡಿತಕ್ಕೆ ಸಿಗುವುದಿಲ್ಲ. ಆದರೂ, ಸತ್ತು ಹಿಂತಿರುಗಿ ಬಂದ ಮಗಳು ತಾಯಿಯನ್ನು ದಿನದಿನವೂ ತಿಂದು ಉಬ್ಬುತ್ತಾ, ತಾಯಿ ಕೃಶವಾಗುತ್ತಾ ಹೋಗುವ ಕೊನೆಯ ಅಧ್ಯಾಯಗಳನ್ನು ಕ್ಲೈನ್ ಇಲ್ಲದೆ ಓದಲು ನನಗೆ ಇಂದಿಗೂ ಆಗಿಲ್ಲ. ಹಾಗಾಗಿ ನನ್ನ ಉತ್ತರ: ಬರುತ್ತದೆ, ಆದರೆ ಬಿಡಿಬಿಡಿಯಾಗಿ.

ಉತ್ತರ: ಇರುಳೋದು

ತಡವಾಗಿ ಸೇರಿಕೊಳ್ಳುತ್ತಿದ್ದೇನೆ. ಸಿದ್ಧಾಂತವು ಪುಸ್ತಕದಲ್ಲಿ ಉಳಿಯದೆ ಲೇಖಕಿಯ ಬದುಕಿಗೇ ಬಂದ ಒಂದು ಪ್ರಸಂಗವನ್ನು ಇಲ್ಲಿ ಸೇರಿಸಬಹುದೆನಿಸಿತು. ಅಮೆರಿಕದ ಕವಯಿತ್ರಿ ಸಿಲ್ವಿಯಾ ಪ್ಲಾತ್ 1958ರ ಡಿಸೆಂಬರಿನ ದಿನಚರಿಯಲ್ಲಿ, ತಾಯಿಯನ್ನು ದ್ವೇಷಿಸಲು ನಿನಗೆ ಅನುಮತಿ ಕೊಡುತ್ತೇನೆ ಎಂದು ಚಿಕಿತ್ಸಕಿ ಹೇಳಿದ್ದನ್ನು ಬರೆದುಕೊಂಡಿದ್ದಾರೆ. ಆ ಮಾತಿನಿಂದ ಹೊಸ ಮನುಷ್ಯಳಾದ ಹಾಗಾಯಿತು ಎಂಬ ಉತ್ಸಾಹವೂ ಅಲ್ಲಿದೆ. 1962ರ ಅಕ್ಟೋಬರ್ 16ರಂದು ಅವರು ‘ಮೆಡೂಸಾ’ ಕವಿತೆಯನ್ನು ಬರೆದರು. ತಾಯಿಯ ಹೆಸರು ಆರೇಲಿಯಾ. ಕಡಲಿನ ಲೋಳೆಮೀನಿನ ಒಂದು ಜಾತಿಗೂ ಆರೇಲಿಯಾ ಎಂದೇ ಹೆಸರು, ಮೆಡೂಸಾ ಎಂಬುದೂ ಅದೇ ಜೀವಿಯ ಹೆಸರು. ಹೊಕ್ಕುಳಬಳ್ಳಿಯನ್ನು ಅಟ್ಲಾಂಟಿಕ್ ಸಾಗರದ ತಳದಲ್ಲಿ ಎಳೆದ ತಂತಿಯಾಗಿಸಿ, ಇಂಗ್ಲೆಂಡಿನಲ್ಲಿರುವ ಮಗಳನ್ನು ಅಮೆರಿಕದ ತಾಯಿ ಇನ್ನೂ ಬಿಟ್ಟಿಲ್ಲವೆಂದು ಆ ಕವಿತೆ ಕಿರುಚುತ್ತದೆ. ಅದೇ ದಿನಾಂಕದಂದು ಪ್ಲಾತ್ ತಾಯಿಗೆ ಪತ್ರವನ್ನೂ ಬರೆದಿದ್ದಾರೆ. ಬದುಕಿನ ಅತ್ಯುತ್ತಮ ಕವಿತೆಗಳನ್ನು ಬರೆಯುತ್ತಿದ್ದೇನೆ, ಅವು ನನಗೆ ಹೆಸರು ತರುತ್ತವೆ ಎಂದು ಅದರಲ್ಲಿ ಹೇಳಿಕೊಂಡಿದ್ದಾರೆ. ಮಗಳ ಮರಣದ ಹನ್ನೆರಡು ವರ್ಷಗಳ ನಂತರ, 1975ರಲ್ಲಿ, ಆರೇಲಿಯಾ ಆ ಪತ್ರಗಳನ್ನು ಸಂಪಾದಿಸಿ ಪ್ರಕಟಿಸಿದರು. ತಾಯಿಗೆ ದೊರೆತ ಏಕೈಕ ಉತ್ತರದ ಅವಕಾಶ ಮಗಳ ಅಕ್ಷರಗಳನ್ನೇ ಜೋಡಿಸುವುದಾಗಿತ್ತು.

ಚಿಕಿತ್ಸಕಿ ಕೊಟ್ಟ ಅನುಮತಿ ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಅದು ಅರ್ಧ ಸತ್ಯಕ್ಕೆ ಮಾತ್ರ ಕೊಟ್ಟ ಅನುಮತಿಯೆಂದು ಕವಿತೆಯ ಕೊನೆಯ ಸಾಲು ತೋರಿಸುತ್ತದೆ. ಅನುವಾದದಲ್ಲಿ ಸಾಮಾನ್ಯವಾಗಿ ಕಳೆದುಹೋಗುವಂತಹ ಇಬ್ಬಗೆಯ ಅರ್ಥ ಆ ಸಾಲಿಗಿದೆ, ಆದರೆ ಕನ್ನಡಕ್ಕೆ ಅದು ಒಂದು ಕೂದಲೂ ಕೊಂಕದೆ ಬರುತ್ತದೆ. ಸಂಬಂಧ ಹರಿಯಿತು ಎಂದೂ ಓದಬಹುದು, ನಮ್ಮನ್ನು ಬೇರ್ಪಡಿಸುವ ಗೋಡೆಯೇ ಇಲ್ಲ ಎಂದೂ ಓದಬಹುದು: ನಮ್ಮ ನಡುವೆ ಏನೂ ಇಲ್ಲ.